ಕುದಿಯುವ ಕಲ್ಲನ್ನು ಗುರುತಿಸಿದ ಕ್ರೋನ್‌ಸ್ಟೆಟ್

ಒಲೆಯ ಮೇಲಿಟ್ಟ ನೀರು ಕುದಿಯುವುದನ್ನು ನೀವೆಲ್ಲ ನೋಡಿದ್ದೀರಿ. ಕಲ್ಲು ಕುದಿಯುವುದನ್ನು ನೋಡಿದ್ದೀರಾ? ಅಂಥ ಕಲ್ಲೊಂದನ್ನು 1756ರಲ್ಲಿ ಗುರುತಿಸಿದವರು ಸ್ವೀಡನ್ ದೇಶದ ವಿಜ್ಞಾನಿ ಆಕ್ಸೆಲ್ ಫ್ರೆಡ್ರಿಕ್ ಕ್ರೋನ್‌ಸ್ಟೆಟ್.

ಕ್ರೋನ್‌ಸ್ಟೆಟ್ 1722ರ ಡಿಸೆಂಬರ್ 23ರಂದು ಜನಿಸಿದರು. ತಂದೆ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಉಪ್ಸಾಲ ವಿಶ್ವವಿದ್ಯಾನಿಲಯದಲ್ಲಿ ಓದಿದ ಕ್ರೋನ್‌ಸ್ಟೆಟ್ ಅವರನ್ನು ಖನಿಜಗಳು ಸೆಳೆದವು. ಕೋಬಾಲ್ಟ್ ಲೋಹವನ್ನು ಕಂಡುಹಿಡಿದ ಬ್ರಾಂಟ್ ಅವರ ಬಳಿ ಅವರು ರಸಾಯನ ವಿಜ್ಞಾನ ಕಲಿತರು.

ಆಗ ಜರ್ಮನಿಯ ಗಣಿಗಾರರಿಗೆ ಕೆಂಪು ಬಣ್ಣದ ಒಂದು ಅದಿರು ಸಿಗುತ್ತಿತ್ತು. ನೋಡಲು ತಾಮ್ರದ ಅದಿರಿನಂತಿದ್ದರೂ ಅದರಿಂದ ತಾಮ್ರ ಬರುತ್ತಿರಲಿಲ್ಲ. ಇದು ದೆವ್ವದ ಚೇಷ್ಟೆ ಎಂದು ಅವರು ಬಗೆದರು. ಕ್ರೋನ್‌ಸ್ಟೆಟ್ ದೆವ್ವವನ್ನು ನಂಬಲಿಲ್ಲ, ಪರೀಕ್ಷೆ ಮಾಡಿದರು. ಸ್ವೀಡನ್ನಿನ ಗಣಿಯೊಂದರ ಅಂಥದೇ ಅದಿರಿನಿಂದ 1751ರಲ್ಲಿ ಹೊಸ ಲೋಹವನ್ನು ಬೇರ್ಪಡಿಸಿದರು. ಅದೇ ನಿಕಲ್. ಇಂದು ಹಲವು ಸ್ಟೀಲ್ ಪಾತ್ರೆಗಳಲ್ಲಿ ಈ ಲೋಹ ಬೆರೆತಿರುತ್ತದೆ.

ಅವರ ಮೆಚ್ಚಿನ ಉಪಕರಣ ಊದುಗೊಳವೆ. ನಮ್ಮ ಅಡುಗೆಮನೆಯ ಊದುಗೊಳವೆಯ ಹಾಗೆಯೇ ಇದರಿಂದಲೂ ಬೆಂಕಿಗೆ ಗಾಳಿ ಊದಬಹುದು. ಹಾಗೆ ಊದಿದ ಚೂಪಾದ ಜ್ವಾಲೆಯನ್ನು ಕಲ್ಲಿನ ಚೂರಿನ ಮೇಲೆ ಹಾಯಿಸಿ, ಅದು ಹೇಗೆ ಬದಲಾಗುತ್ತದೆಂದು ಅವರು ಗಮನಿಸುತ್ತಿದ್ದರು. ಒಂದು ಬಗೆಯ ಕಲ್ಲು ಮಾತ್ರ ಜ್ವಾಲೆ ತಾಗಿದೊಡನೆ ಉಬ್ಬಿ, ನೊರೆಯೆದ್ದು, ಹಬೆ ಬಿಟ್ಟಿತು! ಅದಕ್ಕೆ ಅವರು ಜಿಯೋಲೈಟ್ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಕುದಿಯುವ ಕಲ್ಲು.

ಕ್ರೋನ್‌ಸ್ಟೆಟ್ 1765ರ ಆಗಸ್ಟ್ 19ರಂದು, 42ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕಲ್ಲು ಕುದಿಯುವುದೇಕೆ ಎಂಬುದು ಬಹುಕಾಲದ ನಂತರ ಸ್ಪಷ್ಟವಾಯಿತು. ಜಿಯೋಲೈಟ್ ಒಳಗೆಲ್ಲ ಸೂಕ್ಷ್ಮ ರಂಧ್ರಗಳಿವೆ. ಅವು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಿರಿದು. ಅಲ್ಲಿ ಅಡಗಿದ ನೀರೇ ಕಾದಾಗ ಹಬೆಯಾಗುತ್ತದೆ.

ಈ ರಂಧ್ರಗಳಲ್ಲಿ ಸೋಡಿಯಂನಂಥ ಲೋಹಗಳ ವಿದ್ಯುದಂಶವುಳ್ಳ ಕಣಗಳೂ ಸಡಿಲವಾಗಿ ಕುಳಿತಿರುತ್ತವೆ. ಇವನ್ನು ಅಯಾನುಗಳು ಎನ್ನುತ್ತಾರೆ. ಸೀಸಿಯಂ ಬೆರೆತ ನೀರನ್ನು ಜಿಯೋಲೈಟ್ ಹರಳುಗಳ ಮೂಲಕ ಹರಿಸಿದರೆ ಸೋಡಿಯಂ ಹೊರಬರುತ್ತದೆ. ಅದರ ಜಾಗದಲ್ಲಿ ಸೀಸಿಯಂ ಸೇರಿಕೊಳ್ಳುತ್ತದೆ.

1979ರಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ಅಪಘಾತವಾಯಿತು. ಅಲ್ಲಿನ ನೀರಿನಲ್ಲಿ ವಿಕಿರಣಪಟು ಸೀಸಿಯಂ, ಸ್ಟ್ರಾನ್ಷಿಯಂ ಲೋಹಗಳು ಬೆರೆತವು. ಇವು ದೇಹ ಸೇರಿದರೆ ಬಹಳ ಅಪಾಯ. ಅವನ್ನು ತೆಗೆಯಲು ಜಿಯೋಲೈಟ್ ತುಂಬಿದ ಪಾತ್ರೆಗಳ ಮೂಲಕ ನೀರು ಹಾಯಿಸಿದರು. 2011ರಲ್ಲಿ ಸುನಾಮಿಗೆ ಸಿಕ್ಕಿದ ಜಪಾನಿನ ಫುಕುಶಿಮಾ ಸ್ಥಾವರದಲ್ಲೂ ಜಿಯೋಲೈಟ್ ನೆರವಿಗೆ ಬಂತು.

ಆದರೆ ಜಿಯೋಲೈಟ್ ವಿಕಿರಣವನ್ನು ನಾಶಮಾಡುವುದಿಲ್ಲ, ಲೋಹವನ್ನು ಹಿಡಿದಿಡುತ್ತದೆ ಅಷ್ಟೆ. ಸೀಸಿಯಂ-137 ಅರ್ಧದಷ್ಟಾಗಲು ಸುಮಾರು 30 ವರ್ಷ ಬೇಕು. ಆದ್ದರಿಂದ ಬಳಸಿದ ಹರಳುಗಳನ್ನು ದೀರ್ಘಕಾಲ ಭದ್ರವಾಗಿ ಕಾಯಬೇಕು. ಟ್ರಿಟಿಯಂ ಎಂಬ ವಿಕಿರಣಪಟು ಜಲಜನಕ ನೀರಿನ ಅಣುವಿನಲ್ಲೇ ಸೇರಿರುವುದರಿಂದ ಈ ಬಲೆಗೆ ಬೀಳುವುದಿಲ್ಲ.

ವಿಕಿರಣಪಟುತ್ವ ಪತ್ತೆಯಾದದ್ದೇ 1896ರಲ್ಲಿ, ಕ್ರೋನ್‌ಸ್ಟೆಟ್ ತೀರಿಕೊಂಡು 131 ವರ್ಷಗಳ ನಂತರ. ತಾವು ಹೆಸರಿಟ್ಟ ಕಲ್ಲು ಇಂಥ ಕೆಲಸಕ್ಕೆ ಬರುತ್ತದೆಂದು ಅವರು ಊಹಿಸುವಂತೆಯೇ ಇರಲಿಲ್ಲ. ಅವರಿಗಿದ್ದದ್ದು ಕಲ್ಲು ಏಕೆ ಹೀಗೆ ಎಂಬ ಕುತೂಹಲ ಮಾತ್ರ.