ಪಿಯೆತ್ರೊ ದೆಲ್ಲಾ ವಾಲ್ಲೆ ಮತ್ತು ಇಕ್ಕೇರಿಯ ಜಕ್ಕಮ್ಮ

ಶಿಕಾರಿಪುರ, ಸೊರಬಗಳ ಮಾಸ್ತಿಕಲ್ಲುಗಳನ್ನು ನೋಡುತ್ತ ಇಕ್ಕೇರಿಗೆ ಬಂದವರಿಗೆ ಒಂದು ಕೊರತೆ ಕಾಡುತ್ತದೆ: ಎತ್ತಿದ ಕೈ, ಬಳೆಗಳು ಕಾಣುತ್ತವೆ, ಮಡಿದವಳ ಮಾತು ಮಾತ್ರ ಇಲ್ಲ. ಅದಕ್ಕಾಗಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಪತ್ರಗಳನ್ನೇ ನೋಡಬೇಕು.

1586ರಲ್ಲಿ ರೋಮಿನಲ್ಲಿ ಹುಟ್ಟಿದ ಈತ 1623ರ ನವೆಂಬರಿನಲ್ಲಿ ಪೋರ್ಚುಗೀಸ್ ನಿಯೋಗದೊಡನೆ ಗೇರುಸೊಪ್ಪೆಯ ಘಟ್ಟವನ್ನೇರಿ ವೆಂಕಟಪ್ಪನಾಯಕನ ಇಕ್ಕೇರಿಗೆ ಬಂದನು. ಅಲ್ಲಿ ವಾದ್ಯಗಾರನೊಬ್ಬನ ವಿಧವೆ ಸಹಗಮನಕ್ಕೆ ಸಿದ್ಧಳಾಗಿದ್ದಳು. ಅವನು ಬರೆದುಕೊಂಡ ಹೆಸರು ನಮ್ಮ ಜಕ್ಕಮ್ಮನೇ ಇರಬೇಕು. ಎಳೆಯ ಮಕ್ಕಳ ಆ ತಾಯಿಯನ್ನು ಅವಳ ಮನೆಯಲ್ಲೇ ಕಂಡು ತಡೆಯಲೆತ್ನಿಸಿದನು; ಅವಳು ಒಪ್ಪಲಿಲ್ಲ. ಪರ್ಷಿಯಾದಲ್ಲಿ ತೀರಿಕೊಂಡ ಪತ್ನಿ ಮಾನಿಯ ದೇಹವನ್ನು ರೋಮಿಗೆ ಒಯ್ಯಲೆಂದು ಕಾಪಾಡಿಕೊಂಡಿದ್ದವನು ಈತ; ಇದನ್ನು ಮರೆತರೆ ಆ ಭೇಟಿಯ ಭಾರ ತಿಳಿಯದು.

ಮಾನಿಗೆ 1626ರಲ್ಲಿ ರೋಮಿನಲ್ಲಿ ಸಮಾಧಿ ದೊರೆಯಿತು. ಅವನು 1652ರಲ್ಲಿ ತೀರಿಕೊಂಡನು. ಜಕ್ಕಮ್ಮನಿರುವ ಭಾರತದ ಸಂಪುಟ ಅಚ್ಚಾದದ್ದು 1663ರಲ್ಲಿ.