ಯಳಂದೂರಿನ ಸಂಚಿಯ ಹೊನ್ನಮ್ಮ



ಕೊಳ್ಳೇಗಾಲದಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ, ಸುವರ್ಣಾವತಿಯ ತೀರದಲ್ಲಿರುವ ಯಳಂದೂರನ್ನು ನಿಮ್ಮಲ್ಲಿ ಅನೇಕರು ಕಂಡಿರುವಿರಿ. ಅಲ್ಲಿಯ ಬಳೆಮಂಟಪವನ್ನು ನೋಡಿ ಬೆರಗಾಗಿಯೂ ಇರುವಿರಿ. ಆದರೆ ಆ ಊರಿನ ಹೆಣ್ಣುಮಗಳೊಬ್ಬಳು ಮುನ್ನೂರು ವರ್ಷಗಳಿಗೂ ಹಿಂದೆ ಕನ್ನಡ ಸಾಹಿತ್ಯದಲ್ಲಿ ಅಳಿಯದ ಹೆಸರನ್ನು ಪಡೆದಳೆಂಬುದು ನಿಮಗೆಲ್ಲರಿಗೂ ತಿಳಿದಿರಲಾರದು. ಆಕೆಯೇ ಸಂಚಿಯ ಹೊನ್ನಮ್ಮ.

1673ರಿಂದ 1704ರವರೆಗೆ ಮೈಸೂರನ್ನು ಚಿಕ್ಕದೇವರಾಜ ಒಡೆಯರು ಆಳಿದರು. ಅವರ ರಾಣಿ ದೇವಾಜಮ್ಮಣ್ಣಿಯವರ ತವರು ಯಳಂದೂರು. ಹೊನ್ನಮ್ಮನು ಅರಮನೆಯಲ್ಲಿ ಎಲೆಯಡಿಕೆಯ ಸಂಚಿಯನ್ನು ಹಿಡಿಯುವ ಊಳಿಗದವಳು. ಊಳಿಗದವಳಿಗೆ ವಿದ್ಯೆಯೇಕೆಂದು ಆಕೆಯನ್ನು ಯಾರೂ ತಡೆಯಲಿಲ್ಲ. ಆಸ್ಥಾನದ ಪಂಡಿತನಾದ ಸಿಂಗರಾರ್ಯನು ಆಕೆಗೆ ಗುರುವಾದನು. ಕನ್ನಡದಲ್ಲಿ ಇಂದು ದೊರೆಯುವ ನಾಟಕಗಳಲ್ಲಿ ಮೊದಲನೆಯದೆನಿಸಿದ ಮಿತ್ರವಿಂದಾ ಗೋವಿಂದವನ್ನು ರಚಿಸಿದವನು ಈತನೇ. ರಾಣಿಯವರ ಪ್ರೋತ್ಸಾಹವೂ ಗುರುವಿನ ಉಪದೇಶವೂ ಒದಗಲಾಗಿ, ಹೊನ್ನಮ್ಮನು ಹದಿಬದೆಯ ಧರ್ಮವೆಂಬ ಗ್ರಂಥವನ್ನು ಬರೆದಳು.

ಹದಿಬದೆಯೆಂದರೆ ಪತಿವ್ರತೆ. ಒಂಬತ್ತು ಸಂಧಿಗಳ ಈ ಕಾವ್ಯವು ಹಾಡಲು ಹಿತವಾದ ಸಾಂಗತ್ಯದಲ್ಲಿದೆ. ಆದುದರಿಂದಲೇ ಇದು ಓದು ಬಾರದ ಹೆಂಗಸರ ಕಿವಿಗೂ ಮುಟ್ಟಬಲ್ಲದಾಗಿತ್ತು. ಹಳೆಯ ಧರ್ಮಶಾಸ್ತ್ರಗಳನ್ನು ಅನುಸರಿಸಿ, ಪತಿಯ ಇಚ್ಛೆಯಂತೆ ನಡೆಯುವುದೇ ಸತಿಯ ಹಿರಿಮೆಯೆಂದು ಇದು ಬೋಧಿಸುತ್ತದೆ. ಆದರೆ ಅದೇ ಗ್ರಂಥದ ನಡುವೆ ಹೊನ್ನಮ್ಮನ ಸ್ವಂತ ಧ್ವನಿಯು ಎದ್ದು ಕೇಳಿಸುತ್ತದೆ. ಹೆತ್ತವಳೂ ಸಲಹಿದವಳೂ ಹೆಣ್ಣೇ ಆಗಿರುವಾಗ ಹೆಣ್ಣನ್ನು ಹಳಿಯುವವರು ಕಣ್ಣಿಲ್ಲದವರೆಂದು ಆಕೆ ಗದರಿಸಿದಳು. ಮಗನಾಗಲಿ ಮಗಳಾಗಲಿ, ಒಳ್ಳೆಯವರಾದರೆ ಸಾಕೆಂದಳು. ಅರಸರ ಆಶ್ರಯದಲ್ಲಿದ್ದ ಸೇವಕಿಯು ಹೀಗೆ ನುಡಿಯಲು ಎಷ್ಟು ಧೈರ್ಯ ಬೇಕಾಗಿತ್ತೆಂಬುದನ್ನು ನೀವೇ ಯೋಚಿಸಿರಿ.

ಹೊನ್ನಮ್ಮನ ಬೋಧೆಯೆಲ್ಲವನ್ನೂ ನಾವು ಇಂದು ಅಂಗೀಕರಿಸಲಾರೆವು. ತಾಳ್ಮೆಯು ಸದ್ಗುಣವೇ ಸರಿ. ಪೆಟ್ಟನ್ನು ತಾಳುವುದು ಸದ್ಗುಣವಲ್ಲ. ಪರೀಕ್ಷೆಗೆ ಮೊದಲೇ ಮದುವೆ ನಿಶ್ಚಯವಾಗಿ ತರಗತಿಯಿಂದ ಮರೆಯಾದ ಬಾಲೆಯರನ್ನು ನಾವು ಕಂಡಿದ್ದೇವೆ. ಅವರಲ್ಲಿ ಕೆಲವರು ಮೈಮೇಲಿನ ಬಾಸುಂಡೆಯನ್ನು ಸೆರಗಿನಿಂದ ಮುಚ್ಚಿಕೊಂಡು ಮರಳಿ ಬಂದುದನ್ನೂ ಕಂಡಿದ್ದೇವೆ. ಆದಕಾರಣ ಮುಚ್ಚುಮರೆಯಿಲ್ಲದೆ ಹೇಳುವೆವು. ಗೆಳತಿಯರೊಡನೆ ಮಾತನಾಡಬೇಡವೆನ್ನುವುದು, ತವರಿಗೆ ಹೋಗಗೊಡದಿರುವುದು, ಕ್ಷಣಕ್ಷಣಕ್ಕೂ ಮೊಬೈಲನ್ನು ಪರೀಕ್ಷಿಸುವುದು ಪ್ರೀತಿಯ ಗುರುತುಗಳಲ್ಲ, ಒಡೆತನದ ಗುರುತುಗಳು. ಕೈಯೆತ್ತುವುದಕ್ಕೆ ಬಹಳ ಮೊದಲೇ ಇವು ಕಾಣಿಸಿಕೊಳ್ಳುತ್ತವೆ. ನಿಜವಾದ ಸ್ನೇಹದಲ್ಲಿ ಬೇಡವೆಂಬ ಮಾತಿಗೂ ಬೆಲೆಯಿರುತ್ತದೆ.

ಹೊನ್ನಮ್ಮನ ಕಾಲದಲ್ಲಿ ಹೆಂಗಸಿನ ಅಳಲನ್ನು ಕೇಳಲು ಇಂಥ ಕಾನೂನಿರಲಿಲ್ಲ. ಇಂದು ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತವಷ್ಟೇ ಅಲ್ಲ, ಹೀನಾಯದ ಮಾತು, ಬೆದರಿಕೆ, ಖರ್ಚಿಗೆ ಹಣ ಕೊಡದೆ ಕಾಡಿಸುವುದು, ಇವೆಲ್ಲವೂ ಅದರ ಪ್ರಕಾರ ದೌರ್ಜನ್ಯವೇ. ಪತ್ನಿಗೆ ಮಾತ್ರವಲ್ಲದೆ ತಾಯಿ, ಸೋದರಿ, ಮಗಳಿಗೂ ಅದರ ಆಸರೆಯುಂಟು. ನೊಂದವಳ ಪರವಾಗಿ ನೆರೆಯವರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಹದಿನೆಂಟು ತುಂಬದ ಹುಡುಗಿಯ ಮದುವೆಯನ್ನು ತಡೆಯಲು 1098ಕ್ಕೂ, ಸಂಕಟದಲ್ಲಿರುವ ಮಹಿಳೆಗಾಗಿ 181ಕ್ಕೂ ದೂರವಾಣಿ ಮಾಡಬಹುದು. ಈ ಎರಡು ಸಂಖ್ಯೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿರಿ. ನಿಮ್ಮ ತಾಯಂದಿರಿಗೂ ಕಲಿಸಿರಿ.

ಈ ಮಾತುಗಳನ್ನು ಮನೆಯಲ್ಲಿ ನಿಮ್ಮ ಅಣ್ಣತಮ್ಮಂದಿರಿಗೂ ಹೇಳಿರಿ. ಹೆಣ್ಣಿಗೆ ಮಾತ್ರ ಧರ್ಮವನ್ನು ಕಲಿಸಿದರೆ ಮನೆಯು ಅರ್ಧ ಮಾತ್ರ ಕಲಿತಂತಾಗುವುದು.

ಸಂಚಿ ಹಿಡಿದ ಕೈಗೆ ಲೇಖನಿಯೂ ಬಂದುದರಿಂದ ಹೊನ್ನಮ್ಮನ ಪ್ರಶ್ನೆಯು ನಮ್ಮವರೆಗೆ ಬಂದಿತು. ನಿಮ್ಮ ಕೈಯಲ್ಲಿಯೂ ಲೇಖನಿಯಿದೆ. ಹನೂರಿನ ಬೆಟ್ಟದ ಊರುಗಳಿಂದ ಬಂದವರೇ ಆಗಲಿ, ಕೊಳ್ಳೇಗಾಲದ ರೇಷ್ಮೆಯ ಮಗ್ಗದ ಮನೆಗಳಿಂದ ಬಂದವರೇ ಆಗಲಿ, ಅದನ್ನು ಯಾರ ಮಾತಿಗೂ ಕೆಳಗಿಡಬೇಡಿರಿ. ಮನೆಯಲ್ಲಿ ಹೇಳಲಾಗದ ನೋವಿದ್ದರೆ ನಮ್ಮ ಕೋಣೆಯ ಬಾಗಿಲು ಸದಾ ತೆರೆದಿದೆಯೆಂಬುದನ್ನು ಮರೆಯದಿರಿ.