ಮಂಜುಗಡ್ಡೆಯನ್ನು ಕಲ್ಕತ್ತಕ್ಕೆ ಮುಟ್ಟಿಸಿದ ಫ್ರೆಡರಿಕ್ ಟ್ಯೂಡರ್

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಉಷ್ಣದ ಪಾಠ ನಮಗೆಲ್ಲ ನೆನಪಿದೆ. ವಹನ, ಸಂವಹನ, ವಿಕಿರಣ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೇವೆ. ಈ ಪಾಠವನ್ನು ಹಡಗಿನ ಒಡಲಲ್ಲಿ, ಸಾಲ ಮಾಡಿ, ಜೈಲಿಗೂ ಹೋಗಿ ಕಲಿತ ವ್ಯಾಪಾರಿಯೊಬ್ಬನ ಜೀವನವನ್ನು ಆತ್ಮೀಯ ಸಹಪಾಠಿಗಳಾದ ನಿಮ್ಮೆದುರು ಇಡುತ್ತಿದ್ದೇನೆ.

ಫ್ರೆಡರಿಕ್ ಟ್ಯೂಡರ್ ಹುಟ್ಟಿದ್ದು 1783ರ ಸೆಪ್ಟೆಂಬರ್ 4ರಂದು, ಅಮೆರಿಕದ ಬೋಸ್ಟನ್ ನಗರದ ಸ್ಥಿತಿವಂತ ವಕೀಲರ ಮನೆಯಲ್ಲಿ. ಸಹೋದರರು ಹಾರ್ವರ್ಡ್‌ನಲ್ಲಿ ಓದಿದರೆ, ಈತ 13ನೇ ವಯಸ್ಸಿಗೇ ಶಾಲೆ ಬಿಟ್ಟು ವ್ಯಾಪಾರಕ್ಕಿಳಿದ. 1801ರಲ್ಲಿ ಕಾಯಿಲೆಯಲ್ಲಿದ್ದ ಸಹೋದರ ಜಾನ್‌ನ ಜೊತೆ ಕ್ಯೂಬಾ ದ್ವೀಪದ ಹವಾನಕ್ಕೆ ಹೋದಾಗ ಅಲ್ಲಿನ ಸೆಖೆಯಲ್ಲಿ ಇಬ್ಬರೂ ಬಳಲಿದರು. ಮರುವರ್ಷ ಜಾನ್ ತೀರಿಕೊಂಡ.

ಬೋಸ್ಟನ್ನಿನಲ್ಲಿ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುತ್ತವೆ. ಆ ಮಂಜುಗಡ್ಡೆಯನ್ನು ಬೇಸಿಗೆವರೆಗೆ ಕಾಪಿಡುವುದು ಅಲ್ಲಿನ ಸಿರಿವಂತರಿಗೆ ಹೊಸತಾಗಿರಲಿಲ್ಲ. ಆದರೆ ಅದನ್ನು ಹಡಗಿನಲ್ಲಿ ಉಷ್ಣ ದೇಶಗಳಿಗೆ ಸಾಗಿಸಿ ಮಾರುತ್ತೇನೆ ಎಂದಾಗ ಊರೇ ನಕ್ಕಿತು. ಬಾಡಿಗೆಗೆ ಹಡಗು ಕೊಡಲು ಯಾರೂ ಒಪ್ಪಲಿಲ್ಲ. ಟ್ಯೂಡರ್ ತಾನೇ ಹಡಗೊಂದನ್ನು ಕೊಂಡು 1806ರ ಫೆಬ್ರವರಿಯಲ್ಲಿ ವೆಸ್ಟ್ ಇಂಡೀಸ್‌ನ ಮಾರ್ಟಿನಿಕ್ ದ್ವೀಪಕ್ಕೆ ಹೊರಟ. ಸುಮಾರು ಮೂರು ವಾರಗಳ ಪ್ರಯಾಣದ ಕೊನೆಗೂ ಬೇಕಾದಷ್ಟು ಮಂಜುಗಡ್ಡೆ ಉಳಿದಿತ್ತು. ಆದರೆ ದಡದಲ್ಲಿ ಅದನ್ನು ಇಡಲು ಗೋದಾಮಿರಲಿಲ್ಲ. ಕೊಂಡವರಿಗೆ ಬಳಸುವ ಬಗೆಯೂ ಗೊತ್ತಿರಲಿಲ್ಲ. ಸರಕು ಕಣ್ಣೆದುರೇ ನೀರಾಯಿತು. ಸಾವಿರಾರು ಡಾಲರ್ ನಷ್ಟವಾಯಿತು.

ಮುಂದಿನ ವರ್ಷಗಳೂ ಕಷ್ಟದವೇ. ಹಡಗು ಸಂಚಾರಕ್ಕೆ ನಿರ್ಬಂಧ ಬಂತು, ಯುದ್ಧ ಬಂತು. ಸಾಲ ತೀರಿಸಲಾಗದೆ 1812 ಮತ್ತು 1813ರಲ್ಲಿ ಟ್ಯೂಡರ್ ಜೈಲು ಸೇರಿದ. ಹೊರಬಂದ ಮೇಲೆ ಹವಾನದಲ್ಲಿ ಜೋಡಿ ಗೋಡೆಯ ಮಂಜುಗಡ್ಡೆ ಗೋದಾಮು ಕಟ್ಟಿಸಿದ. 1816ರಲ್ಲಿ ಶೇಕಡಾ 40ರ ಬಡ್ಡಿಗೆ ಹಣ ತಂದು, ನಿಂಬೆ, ಕಿತ್ತಳೆ, ಬಾಳೆಹಣ್ಣುಗಳನ್ನು 15 ಟನ್ ಮಂಜುಗಡ್ಡೆ ಮತ್ತು 3 ಟನ್ ಒಣಹುಲ್ಲಿನ ನಡುವೆ ಇಟ್ಟು ಕ್ಯೂಬಾದಿಂದ ನ್ಯೂಯಾರ್ಕ್‌ಗೆ ಸಾಗಿಸಿದ. ತಿಂಗಳ ಪ್ರಯಾಣದಲ್ಲಿ ಹಣ್ಣು ಬಹುತೇಕ ಕೊಳೆತುಹೋಯಿತು. ಸಾಲ ಇನ್ನಷ್ಟು ಬೆಳೆಯಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಒಣಹುಲ್ಲು ಶಾಖವನ್ನು ತಡೆಯುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಕರಗಿದ ನೀರು ಆ ಜಾಗ ತುಂಬಿದರೆ ತಡೆಯುವ ಶಕ್ತಿ ಕುಗ್ಗುತ್ತದೆ. ಹಾಗೆಂದು ಹುಲ್ಲನ್ನೋ ಹೊಟ್ಟನ್ನೋ ಹೆಚ್ಚು ಹೆಚ್ಚು ತುಂಬಿದರೆ, ಮಾರುವ ಸರಕಿಗೇ ಜಾಗ ಉಳಿಯುವುದಿಲ್ಲ. ಹಡಗಿನ ಒಡಲಿನ ಅಳತೆ ಹಿಗ್ಗುವುದಿಲ್ಲವಲ್ಲ! ಕಡಿಮೆ ಜಾಗದಲ್ಲಿ ಹೆಚ್ಚು ತಂಪು ಉಳಿಸುವುದು ಹೇಗೆ ಎಂಬುದೇ ಟ್ಯೂಡರ್ ಎದುರಿಗಿದ್ದ ಪ್ರಶ್ನೆ.

ಉತ್ತರದ ಒಂದು ಭಾಗ ಮರ ಕೊಯ್ಯುವ ಮಿಲ್‌ಗಳಲ್ಲಿ ಸಿಕ್ಕಿತು. ಅಲ್ಲಿ ಕಸವಾಗಿ ಬಿದ್ದಿದ್ದ ಮರದ ಹೊಟ್ಟು ಒಳ್ಳೆಯ ಶಾಖನಿರೋಧಕವಾಗಿತ್ತು. ಇನ್ನೊಂದು ಭಾಗ ಕೊಟ್ಟವನು ಟ್ಯೂಡರ್‌ಗೆ ಮಂಜುಗಡ್ಡೆ ಒದಗಿಸುತ್ತಿದ್ದ ನಥಾನಿಯಲ್ ವೈತ್. 1825ರ ಸುಮಾರಿಗೆ ಆತ ಕುದುರೆ ಎಳೆಯುವ ನೇಗಿಲಿನಂತಹ ಸಾಧನ ಮಾಡಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ಚೌಕಾಕಾರದ ಗೆರೆ ಕೊರೆದ. ಅಲ್ಲಿಯವರೆಗೆ ಅಂಕುಡೊಂಕಾಗಿದ್ದ ತುಂಡುಗಳು ಒಂದೇ ಅಳತೆಯ ಇಟ್ಟಿಗೆಗಳಾದವು. ಸಂದಿಯಿಲ್ಲದಂತೆ ಅವನ್ನು ಜೋಡಿಸಬಹುದಾಯಿತು.

ಇದರಿಂದ ಎಷ್ಟು ಲಾಭ ಎಂದು ನಾನು ಲೆಕ್ಕ ಹಾಕಿ ನೋಡಿದೆ. 30 ಸೆಂಟಿಮೀಟರ್ ಬದಿಯ 1000 ಘನಾಕೃತಿಗಳನ್ನು ಬಿಡಿಬಿಡಿಯಾಗಿ ಇಟ್ಟರೆ ಗಾಳಿಗೆ ತೆರೆದ ಮೇಲ್ಮೈ 540 ಚದರ ಮೀಟರ್. ಅವನ್ನೇ ಒತ್ತಾಗಿ ಜೋಡಿಸಿದರೆ 3 ಮೀಟರ್ ಬದಿಯ ಒಂದೇ ಘನ. ಮೇಲ್ಮೈ ಬರೀ 54 ಚದರ ಮೀಟರ್. ಮಂಜುಗಡ್ಡೆ ಅಷ್ಟೇ, ಶಾಖ ನುಗ್ಗುವ ಬಾಗಿಲು ಮಾತ್ರ ಹತ್ತರಲ್ಲಿ ಒಂದು ಪಾಲು. ಹೊಟ್ಟಿನಲ್ಲಿ ಅಲುಗಾಡದೆ ಸಿಕ್ಕಿಕೊಂಡ ಗಾಳಿ ತಂಪನ್ನು ಕಾಯುತ್ತದೆ. ತುಂಡುಗಳ ನಡುವಿನ ದೊಡ್ಡ ಸಂದಿಯಲ್ಲಿ ಓಡಾಡುವ ಗಾಳಿ ಅದೇ ತಂಪನ್ನು ಕದಿಯುತ್ತದೆ. ವಹನಕ್ಕೂ ಸಂವಹನಕ್ಕೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಅರ್ಥವಾದದ್ದು ಈ ಲೆಕ್ಕದಿಂದಲೇ.

ಈ ವಿಧಾನದ ನಿಜವಾದ ಪರೀಕ್ಷೆ ನಮ್ಮ ದೇಶದ ದಾರಿಯಲ್ಲಿ ನಡೆಯಿತು. 1833ರ ಮೇ ತಿಂಗಳಲ್ಲಿ ಟಸ್ಕನಿ ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ಬೋಸ್ಟನ್ನಿನಿಂದ ಕಲ್ಕತ್ತದತ್ತ ಹೊರಟಿತು. ಸುಮಾರು ನಾಲ್ಕು ತಿಂಗಳ ದಾರಿ. ಭೂಮಧ್ಯರೇಖೆಯನ್ನು ಎರಡು ಸಲ ದಾಟಬೇಕು. ಸೆಪ್ಟೆಂಬರ್‌ನಲ್ಲಿ ಕಲ್ಕತ್ತ ಮುಟ್ಟಿದಾಗ ಸುಮಾರು 100 ಟನ್ ಇನ್ನೂ ಗಟ್ಟಿಯಾಗಿಯೇ ಇತ್ತು. ಸರ್ಕಾರ ಅದಕ್ಕೆ ಸುಂಕ ಮನ್ನಾ ಮಾಡಿತು. ಊರಿನ ಜನರು ಚಂದಾ ಎತ್ತಿ ಐಸ್ ಹೌಸ್ ಕಟ್ಟಿಸಿದರು. ಆ ಜನರಲ್ಲಿ ಹೆಚ್ಚಿನವರು ಬ್ರಿಟಿಷರು ಎಂಬುದನ್ನೂ ಹೇಳಬೇಕು. ಈ ತಂಪು ಬಡವರ ಮನೆಗೆ ಮುಟ್ಟುವಂಥದ್ದಾಗಿರಲಿಲ್ಲ.

ಟ್ಯೂಡರ್ ದೋಷವಿಲ್ಲದ ಮನುಷ್ಯನಲ್ಲ. ಮಾರುಕಟ್ಟೆ ತನ್ನೊಬ್ಬನದೇ ಆಗಬೇಕೆಂಬ ಹಟ ಆತನಿಗಿತ್ತು. ಅದೇ ಹೊತ್ತಿಗೆ ಕಾಫಿ ಬೆಲೆಯ ಮೇಲೆ ಸಟ್ಟಾ ಆಡಿ ಎರಡು ಲಕ್ಷ ಡಾಲರಿಗೂ ಹೆಚ್ಚು ಕಳೆದುಕೊಂಡ. ಅದರಿಂದ ಆತನನ್ನು ಮೇಲೆತ್ತಿದ್ದು ಮಂಜುಗಡ್ಡೆಯೇ. ಹತ್ತು ವರ್ಷಕ್ಕೂ ಮೀರಿ ದುಡಿದು ಆ ಸಾಲ ತೀರಿಸಿದ. 1864ರ ಫೆಬ್ರವರಿ 6ರಂದು, 80ನೇ ವಯಸ್ಸಿನಲ್ಲಿ ನಿಧನನಾದ. ಮುಂದೆ ಯಂತ್ರಗಳೇ ಮಂಜುಗಡ್ಡೆ ತಯಾರಿಸತೊಡಗಿದಾಗ ಆ ವ್ಯಾಪಾರವೂ ಮುಗಿಯಿತು. ಮದರಾಸಿನಲ್ಲಿ ಆತನ ಮಂಜುಗಡ್ಡೆಗಾಗಿ ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದ ಇಲ್ಲಂ ಎಂಬ ಹೆಸರಿನಲ್ಲಿ ಮರೀನಾ ಕಡಲತೀರದ ರಸ್ತೆಯಲ್ಲಿ ನಿಂತಿದೆ.

ವ್ಯಾಪಾರ ಮುಗಿದರೂ ಆ ಪ್ರಶ್ನೆ ಮುಗಿದಿಲ್ಲ. ಮಂಗಳೂರಿನ ದಕ್ಕೆಯಲ್ಲಿ ಮೀನು ತುಂಬುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಬಹುಪಾಲು ಇರುವುದು ಸಿಕ್ಕಿಬಿದ್ದ ಗಾಳಿಯೇ. ಮೀನನ್ನು ಬೇಗ ತಣ್ಣಗಾಗಿಸಬೇಕಾದ್ದರಿಂದ ಅಲ್ಲಿ ಐಸನ್ನು ಪುಡಿ ಮಾಡಿ, ಮೇಲ್ಮೈ ಹೆಚ್ಚಿಸಿ ಹಾಕುತ್ತಾರೆ. ದೂರದ ಹಳ್ಳಿಗೆ ಆರೋಗ್ಯ ಕಾರ್ಯಕರ್ತೆ ಹೆಗಲಿಗೆ ಹಾಕಿಕೊಂಡು ಹೋಗುವ ಲಸಿಕೆ ಪೆಟ್ಟಿಗೆಯಲ್ಲಿ ನಾಲ್ಕು ಐಸ್ ಪ್ಯಾಕ್‌ಗಳು ಸೀಸೆಗಳನ್ನು ಸುತ್ತುವರಿದಿರುತ್ತವೆ. ಒಳಗಿನ ತಾಪ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ಹೆಚ್ಚಾದರೆ ಲಸಿಕೆ ಕೆಡುತ್ತದೆ. ಹೆಪ್ಪುಗಟ್ಟಿದರೂ ಕೆಲವು ಲಸಿಕೆಗಳು ಕೆಡುತ್ತವೆ. ಪೆಟ್ಟಿಗೆ ದೊಡ್ಡದಾದರೆ ಅವಳಿಗೆ ಹೊರಲಾಗದು. ಗೋಡೆ ತೆಳುವಾದರೆ ಮಗುವಿಗೆ ಸಿಗುವುದು ಕೆಟ್ಟ ಲಸಿಕೆ.

ಟ್ಯೂಡರ್‌ಗೆ ಆದದ್ದು ಹಣದ ನಷ್ಟ. ಇಲ್ಲಿ ನಷ್ಟವಾಗುವುದು ಮಗುವಿನ ಆರೋಗ್ಯ. ನಮ್ಮಲ್ಲಿ ಯಾರಾದರೂ ಮುಂದೆ ಇದಕ್ಕಿಂತ ಹಗುರವಾದ, ಹೆಚ್ಚು ಹೊತ್ತು ತಂಪು ಹಿಡಿಯುವ ಪೆಟ್ಟಿಗೆಯೊಂದನ್ನು ರೂಪಿಸಿದರೆ, ಉಷ್ಣದ ಪಾಠ ಓದಿದ್ದು ಸಾರ್ಥಕ.